ಡಿಸ್ನಿ ಟೈಮ್‌ಶೇರ್ ಮರುಮಾರಾಟದ ಖರೀದಿ: ಕಂಪನಿಯ ಒಪ್ಪಿಗೆಯಿಂದ ಪಾಯಿಂಟ್ ಕೈಸೇರುವವರೆಗಿನ ಕಾಯುವಿಕೆ

ಹೇಮಾವತಿ ತೀರ · ಫೆಬ್ರವರಿ 10, 2025

ಎಲ್ಲರಿಗೂ ನಮಸ್ಕಾರ. ನಾವು ನಾರ್ತ್ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿ ನೆಲೆಸಿದ್ದೇವೆ. ಈ ಡಿಸೆಂಬರ್‌ನಲ್ಲಿ ಹಾಸನದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅವರನ್ನೂ ಮಕ್ಕಳನ್ನೂ ಒಟ್ಟಿಗೆ ಡಿಸ್ನಿ ವರ್ಲ್ಡ್ ಇರುವ ಒರ್ಲ್ಯಾಂಡೊಗೆ ಕರೆದುಕೊಂಡು ಹೋಗಬೇಕೆಂಬುದು ನಮ್ಮ ಬಹುದಿನದ ಆಸೆ. ಅಮ್ಮನಿಗೆ ಹೊರಗಿನ ಊಟ ಎರಡು ದಿನಕ್ಕಿಂತ ಹೆಚ್ಚು ಒಗ್ಗುವುದಿಲ್ಲ. ಅಡುಗೆಮನೆ ಇರುವ ವಿಲ್ಲಾ ಸಿಕ್ಕರೆ ಬೆಳಿಗ್ಗೆ ಅನ್ನ ಸಾರು ಮಾಡಿಟ್ಟು ಹೊರಡಬಹುದು ಎಂಬ ಲೆಕ್ಕದಲ್ಲಿ, ಡಿಸ್ನಿ ವೆಕೇಶನ್ ಕ್ಲಬ್‌ನ ಸರಟೋಗಾ ಸ್ಪ್ರಿಂಗ್ಸ್ ರೆಸಾರ್ಟಿನ 160 ಪಾಯಿಂಟ್‌ಗಳನ್ನು ಅವುಗಳ ಈಗಿನ ಮಾಲೀಕರಿಂದ ಕೊಳ್ಳಲು ಮುಂದಾದೆವು. ಇದು ಟೈಮ್‌ಶೇರ್: ರೆಸಾರ್ಟಿನಲ್ಲಿ ಸಣ್ಣ ಪಾಲು ಕೊಂಡರೆ ಪ್ರತಿ ವರ್ಷ ಇಷ್ಟು ಪಾಯಿಂಟ್ ಸಿಗುತ್ತದೆ, ಅವುಗಳನ್ನು ಕೊಟ್ಟು ಕೋಣೆ ಕಾಯ್ದಿರಿಸಬಹುದು. ಪಾಯಿಂಟ್‌ಗೆ 98 ಡಾಲರ್‌ನಂತೆ ಒಟ್ಟು 15,680 ಡಾಲರ್. ಜನವರಿ 20ರಂದು ಎರಡೂ ಕಡೆಯವರು ಸಹಿ ಹಾಕಿದೆವು. ಶೇಕಡಾ 10ರಷ್ಟು ಮುಂಗಡ, ಅಂದರೆ 1,568 ಡಾಲರ್, ವ್ಯವಹಾರ ಮುಗಿಯುವವರೆಗೆ ಮೂರನೆಯವರು ಹಣ ಹಿಡಿದಿಡುವ ಎಸ್ಕ್ರೋ ಖಾತೆಗೆ ಹೋಯಿತು. ಜನವರಿ 22ರಂದು ಕಾಗದಗಳು ಒಪ್ಪಿಗೆಗಾಗಿ ಡಿಸ್ನಿ ಕಂಪನಿಗೆ ಹೋದವು.

ಇಂದಿಗೆ 19 ದಿನಗಳಾದವು. ಬ್ರೋಕರ್ ಕಡೆಯಿಂದ ಒಂದು ಮಾತೂ ಇಲ್ಲ. ದಿನಕ್ಕೆ ನಾಲ್ಕೈದು ಸಲ ಇಮೇಲ್ ತೆರೆದು ನೋಡುತ್ತಿದ್ದೇನೆ, ರಾತ್ರಿ ಎಚ್ಚರವಾದರೂ ಕೈ ಫೋನಿನ ಕಡೆಗೇ ಹೋಗುತ್ತದೆ. ನಾವು ಹೋಗಬೇಕೆಂದಿರುವುದು ಡಿಸೆಂಬರ್ 20ರಂದು. ನಮ್ಮದೇ ರೆಸಾರ್ಟ್ ಆದರೆ 11 ತಿಂಗಳು ಮೊದಲೇ ಕೋಣೆ ಕಾಯ್ದಿರಿಸಬಹುದು ಎನ್ನುತ್ತಾರೆ, ಆದರೆ ಆ ದಿನ, ಜನವರಿ 20, ಆಗಲೇ ಕಳೆದುಹೋಯಿತು. ಮೇ 20 ಬಂದರೆ ಬೇರೆ ರೆಸಾರ್ಟುಗಳ ಸದಸ್ಯರಿಗೂ ಬಾಗಿಲು ತೆರೆಯುತ್ತದೆ. ಕಂಪನಿ ಒಪ್ಪಿದ ಮೇಲೆ ಪಾಯಿಂಟ್ ನಮ್ಮ ಹೆಸರಿಗೆ ಬರಲು ಇನ್ನೂ ಎಷ್ಟು ದಿನ ಹಿಡಿಯಬಹುದು? ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ತುಂಗಾ ತಟ · ಫೆಬ್ರವರಿ 10

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಹೀಗೆ ಮೂರು ಒಪ್ಪಂದಗಳನ್ನು ಕೊಂಡಿದ್ದೇನೆ, ಮೂರರ ಕಾಯುವಿಕೆಯೂ ಬೇರೆ ಬೇರೆ ಬಗೆಯದಾಗಿತ್ತು. ನಿಮ್ಮ ಆತಂಕ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಆದರೆ ಅದು ತಪ್ಪು ಜಾಗದಲ್ಲಿದೆ ಎಂದು ನನಗನ್ನಿಸುತ್ತದೆ.

ಈಗ ನಡೆಯುತ್ತಿರುವುದು ‘ರೋಫರ್’ (ರೈಟ್ ಆಫ್ ಫಸ್ಟ್ ರೆಫ್ಯೂಸಲ್, ಮೊದಲು ಕೊಳ್ಳುವ ಹಕ್ಕು) ಎಂದು ಎಲ್ಲರೂ ಕರೆಯುವ ಹಂತ. ಮಾಲೀಕರು ತಮ್ಮ ಪಾಯಿಂಟ್‌ಗಳನ್ನು ಯಾರಿಗೆ ಮಾರಲು ಒಪ್ಪಿದರೂ, ಅದೇ ಬೆಲೆಗೆ, ಅದೇ ಷರತ್ತಿಗೆ ಮೊದಲು ತಾನೇ ಕೊಳ್ಳುವ ಹಕ್ಕನ್ನು ಕಂಪನಿ ಮೂಲ ದಾಖಲೆಯಲ್ಲಿಯೇ ಇಟ್ಟುಕೊಂಡಿರುತ್ತದೆ. ಇದು ಡಿಸ್ನಿಯೊಂದರ ಪದ್ಧತಿಯಲ್ಲ. ಮ್ಯಾರಿಯಟ್, ಹಿಲ್ಟನ್ ಟೈಮ್‌ಶೇರ್‌ಗಳಲ್ಲಿಯೂ ಇಂಥ ಹಕ್ಕು ಇದೆ. ಡಿಸ್ನಿಯಲ್ಲಿ ತೀರ್ಮಾನಕ್ಕೆ 30 ದಿನಗಳ ಅವಕಾಶವಿದೆ. ಅವರು ಆ ಹಕ್ಕನ್ನು ಬಿಟ್ಟುಕೊಟ್ಟರೆ ವ್ಯವಹಾರ ಮುಂದುವರಿಯುತ್ತದೆ. ಬಳಸಿಕೊಂಡರೆ ನಿಮ್ಮ ಮುಂಗಡ ಪೂರ್ತಿ ಹಿಂದಕ್ಕೆ ಬರುತ್ತದೆ, ಮಾಲೀಕರಿಗೂ ನಿಮ್ಮಿಂದ ಸಿಗಬೇಕಿದ್ದ ಹಣವೇ ಸಿಗುತ್ತದೆ. ಅಲ್ಲಿ ನಿಮ್ಮ ಅರ್ಹತೆಯ ಪರೀಕ್ಷೆ ನಡೆಯುತ್ತಿಲ್ಲ. ನಿಮ್ಮ ಹೆಸರು, ಊರು, ಆದಾಯ ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ, ಆ ಬೆಲೆಗೆ ಆ ಪಾಯಿಂಟ್‌ಗಳು ತಮಗೆ ಬೇಕೇ ಎಂಬುದಷ್ಟೇ ಅವರ ಪ್ರಶ್ನೆ.

ಊರಿನಲ್ಲಿ ಸೈಟು ಕೊಂಡವರಿಗೆ ಇದನ್ನು ಹೀಗೆ ಹೇಳಬಹುದು. ಈಗ ನಿಮಗಾಗಿರುವುದು ಅಗ್ರಿಮೆಂಟ್ ಮಾತ್ರ. ಕಂಪನಿ ಬಿಟ್ಟುಕೊಟ್ಟ ಮೇಲೆ ಹಕ್ಕುಪತ್ರಗಳ ಕೆಲಸ ನೋಡಿಕೊಳ್ಳುವ ಟೈಟಲ್ ಕಂಪನಿಯವರು ಡಿಸ್ನಿಯಿಂದ ‘ಎಸ್ಟಾಪೆಲ್’ ಎಂಬ ಪತ್ರ ತರಿಸುತ್ತಾರೆ. ಎಷ್ಟು ಪಾಯಿಂಟ್ ಉಳಿದಿದೆ, ವಾರ್ಷಿಕ ನಿರ್ವಹಣಾ ಶುಲ್ಕ ಬಾಕಿ ಇದೆಯೇ, ಮಾಲೀಕರ ಸಾಲವೇನಾದರೂ ಇದೆಯೇ ಎಂಬುದೆಲ್ಲ ಅದರಲ್ಲಿರುತ್ತದೆ, ನಮ್ಮ ಇ.ಸಿ. ಇದ್ದ ಹಾಗೆ. ಬಳಿಕ ವ್ಯವಹಾರ ಮುಗಿಸುವ ‘ಕ್ಲೋಸಿಂಗ್’ ಕಾಗದಗಳು ಬರುತ್ತವೆ, ನೀವು ಹಣ ಕಳಿಸುತ್ತೀರಿ, ಮಾಲೀಕರು ನೋಟರಿಯ ಮುಂದೆ ಕ್ರಯಪತ್ರಕ್ಕೆ ಸಹಿ ಹಾಕುತ್ತಾರೆ, ಅದು ಫ್ಲಾರಿಡಾದ ಆರೆಂಜ್ ಕೌಂಟಿಯಲ್ಲಿ ದಾಖಲಾಗುತ್ತದೆ. ಅದು ನೋಂದಣಿ. ಅಷ್ಟಾದರೂ ನೀವು ಕೋಣೆ ಕಾಯ್ದಿರಿಸಲಾರಿರಿ, ಏಕೆಂದರೆ ಖಾತೆ ಇನ್ನೂ ಆಗಿರುವುದಿಲ್ಲ. ದಾಖಲಾದ ಪತ್ರ ಡಿಸ್ನಿಗೆ ತಲುಪಿ, ಅವರು ಹಳೆಯ ಹೆಸರು ತೆಗೆದು ನಿಮ್ಮ ಹೆಸರು ಬರೆದು, ಸದಸ್ಯ ಸಂಖ್ಯೆ ಕೊಟ್ಟು ಪಾಯಿಂಟ್ ತುಂಬಿದಾಗಲೇ ಅದು ನಿಮ್ಮದು. ನನ್ನ ಮೂರು ಖರೀದಿಗಳಲ್ಲಿ ಮೊದಲ ಸಹಿಯಿಂದ ಇಲ್ಲಿಯವರೆಗೆ ಕ್ರಮವಾಗಿ 61, 74 ಮತ್ತು 118 ದಿನಗಳಾದವು. ಮೂರರಲ್ಲಿಯೂ ರೋಫರ್ 30 ದಿನ ದಾಟಲಿಲ್ಲ. ದಾರಿ ಉದ್ದವಾದದ್ದು ಅದರ ನಂತರ.

ಈಗ ನನ್ನದೊಂದು ಪ್ರಶ್ನೆ. ನಿಮ್ಮ ಒಪ್ಪಂದದ ಯೂಸ್ ಇಯರ್, ಅಂದರೆ ಪಾಯಿಂಟ್‌ಗಳನ್ನು ಬಳಸುವ ವರ್ಷ, ಯಾವ ತಿಂಗಳಿಂದ ಶುರುವಾಗುತ್ತದೆ? 2024ರ ಪಾಯಿಂಟ್‌ಗಳೂ ನಿಮಗೆ ಬರಬೇಕೇ?

ಹೇಮಾವತಿ ತೀರ · ಫೆಬ್ರವರಿ 11

ತುಂಬ ಧನ್ಯವಾದಗಳು ಮೇಡಂ. ಖಾತೆಯ ಹೋಲಿಕೆಯಿಂದ ಎಲ್ಲ ಸ್ಪಷ್ಟವಾಯಿತು. ನಮ್ಮದು ಜೂನ್ ಯೂಸ್ ಇಯರ್. 2024ರ 160 ಮತ್ತು 2025ರ 160, ಒಟ್ಟು 320 ಪಾಯಿಂಟ್ ಎಂದು ಜಾಹೀರಾತಿನಲ್ಲಿತ್ತು, ಒಪ್ಪಂದದಲ್ಲಿಯೂ ಹಾಗೆಯೇ ಇದೆ. ಏಕೆ ಕೇಳಿದಿರಿ?

ತುಂಗಾ ತಟ · ಫೆಬ್ರವರಿ 11

ಹಾಗಾದರೆ ಇಂದೇ ಬ್ರೋಕರಿಗೆ ಕರೆ ಮಾಡಿ, ಇಮೇಲ್ ಬೇಡ. ಒಂದು ವರ್ಷದ ಪಾಯಿಂಟ್‌ಗಳನ್ನು ಮುಂದಿನ ವರ್ಷಕ್ಕೆ ಎತ್ತಿಡುವುದನ್ನು ಬ್ಯಾಂಕಿಂಗ್ ಎನ್ನುತ್ತಾರೆ, ಅದನ್ನು ಯೂಸ್ ಇಯರ್‌ನ ಮೊದಲ ಎಂಟು ತಿಂಗಳ ಒಳಗೆ ಮಾಡಿರಬೇಕು. ಜೂನ್ ಯೂಸ್ ಇಯರ್‌ಗೆ ಆ ಗಡುವು ಜನವರಿ 31. ನೀವು ಸಹಿ ಹಾಕಿದ್ದು ಜನವರಿ 20ರಂದು. ನಡುವೆ ಇದ್ದ 11 ದಿನಗಳಲ್ಲಿ ಆ ಕೆಲಸ ಮಾಡಬಲ್ಲವರು ಮಾಲೀಕರೊಬ್ಬರೇ, ಏಕೆಂದರೆ ಖಾತೆ ಈಗಲೂ ಅವರ ಹೆಸರಿನಲ್ಲಿದೆ. ಅವರು ಮಾಡಿರದಿದ್ದರೆ 2024ರ ಪಾಯಿಂಟ್‌ಗಳು ಮೇ 31ಕ್ಕೆ ಅಳಿದುಹೋಗುತ್ತವೆ, ಡಿಸೆಂಬರ್‌ಗೆ ಅವುಗಳಿಂದ ಉಪಯೋಗವಿಲ್ಲ.

ಕೊಳ್ಳುವವರು ಬೆಲೆಯನ್ನು ಎರಡು ಡಾಲರ್ ಇಳಿಸಲು ವಾರವಿಡೀ ಚೌಕಾಸಿ ಮಾಡುತ್ತಾರೆ, ಈ ಒಂದು ತಾರೀಕನ್ನು ಮಾತ್ರ ನೋಡುವುದಿಲ್ಲ. ಯೂಸ್ ಇಯರ್ ಫೆಬ್ರವರಿ, ಮಾರ್ಚ್, ಏಪ್ರಿಲ್, ಜೂನ್, ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್, ಡಿಸೆಂಬರ್ ಈ ಎಂಟು ತಿಂಗಳುಗಳಲ್ಲಿ ಯಾವುದಾದರೂ ಇರಬಹುದು. ಏಪ್ರಿಲ್ ಆದರೆ ಗಡುವು ನವೆಂಬರ್ 30, ಡಿಸೆಂಬರ್ ಆದರೆ ಜುಲೈ 31. ಕಾಯುವ ಅವಧಿಯಲ್ಲಿ ಈ ಗಡುವು ಬೀಳುವುದಾದರೆ, ಮಾಲೀಕರು ಇಂಥ ದಿನದೊಳಗೆ ಬ್ಯಾಂಕ್ ಮಾಡತಕ್ಕದ್ದು ಎಂಬ ಸಾಲನ್ನು ಸಹಿಗೆ ಮೊದಲೇ ಒಪ್ಪಂದದಲ್ಲಿ ಬರೆಯಿಸಬೇಕು.

ಪಡುವಣ ಕಡಲು · ಫೆಬ್ರವರಿ 11

ನಾನು ಕುಂದಾಪುರದ ಕಡೆಯವನು, ಈಗ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ನನ್ನ ಮೊದಲ ಒಪ್ಪಂದವನ್ನು ಕಂಪನಿಯೇ ತೆಗೆದುಕೊಂಡಿತು. 24ನೆಯ ದಿನ ಬ್ರೋಕರಿಂದ ಎರಡು ಸಾಲಿನ ಇಮೇಲ್ ಬಂತು. ನನಗೆ ಬಹಳ ಬೇಸರವಾಗಿತ್ತು, ಏಕೆಂದರೆ ಅಷ್ಟು ಹೊತ್ತಿಗೆ ಮಗಳು ತನ್ನ ಕೋಣೆಯ ಗೋಡೆಯಲ್ಲಿ ದಿನಗಳನ್ನು ಎಣಿಸುವ ಚಾರ್ಟ್ ಅಂಟಿಸಿಬಿಟ್ಟಿದ್ದಳು. ಆದರೆ ಅದು ಅವರ ಹಕ್ಕು, ನಾನು ಸಹಿ ಹಾಕಿದ ಕಾಗದದಲ್ಲಿಯೇ ಬರೆದಿತ್ತು. ಮುಂಗಡ ಒಂದು ವಾರದಲ್ಲಿ ಬಂತು. ಮುಂದಿನ ಸಲ ಅದಕ್ಕಿಂತ ಸ್ವಲ್ಪ ಹೆಚ್ಚಿನ ಬೆಲೆ ಕೊಟ್ಟೆ, ಅದು ಪಾರಾಯಿತು. ಮಾರುಕಟ್ಟೆಯ ದರಕ್ಕಿಂತ ಎದ್ದು ಕಾಣುವಷ್ಟು ಕಡಿಮೆಗೆ ಸಿಕ್ಕಿದ್ದರೆ ಅದು ಕೈತಪ್ಪಬಹುದೆಂದು ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ಕಂಪನಿಯ ಒಪ್ಪಿಗೆ ಬರುವವರೆಗೆ ಮಕ್ಕಳಿಗೆ ಹೇಳಬೇಡಿ, ವಿಮಾನದ ಟಿಕೆಟ್ಟನ್ನೂ ಮಾಡಿಸಬೇಡಿ.

ಇನ್ನೊಂದು ವಿಷಯ. ಕ್ರಯಪತ್ರ ದಾಖಲಾಯಿತೇ ಎಂದು ಕೌಂಟಿಯ ಜಾಲತಾಣದಲ್ಲಿ ನೀವೇ ಹೆಸರು ಹಾಕಿ ನೋಡಬಹುದು. ಆದರೆ ಸರಿಯಾದ ಕೌಂಟಿಯಲ್ಲಿ ಹುಡುಕಿ. ಡಿಸ್ನಿಲ್ಯಾಂಡ್ ಪಕ್ಕದ ಗ್ರ್ಯಾಂಡ್ ಕ್ಯಾಲಿಫೋರ್ನಿಯನ್ ರೆಸಾರ್ಟ್ ಇರುವುದೂ ಆರೆಂಜ್ ಕೌಂಟಿಯಲ್ಲಿಯೇ, ಆದರೆ ಅದು ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ. ನಾನು ಕೊಂಡದ್ದು ಫ್ಲಾರಿಡಾದ ಬೋರ್ಡ್‌ವಾಕ್ ರೆಸಾರ್ಟಿನದು, ಹುಡುಕುತ್ತಿದ್ದುದು ನಮ್ಮೂರಿನ ದಾಖಲೆಗಳಲ್ಲಿ. ಹತ್ತು ದಿನ ಹೀಗೆ ಕಳೆದ ಮೇಲೆ ನನ್ನ ಹೆಂಡತಿ ತಪ್ಪು ತೋರಿಸಿಕೊಟ್ಟಳು. ಪತ್ರ ಅಷ್ಟರಲ್ಲಿ ಒರ್ಲ್ಯಾಂಡೊದಲ್ಲಿ ದಾಖಲಾಗಿ ಆರು ದಿನಗಳಾಗಿದ್ದವು.

ಡಲ್ಲಾಸ್ ದಂಪತಿ · ಫೆಬ್ರವರಿ 12

ಕ್ಷಮಿಸಿ, ಒಂದು ಮೂಲಭೂತ ಪ್ರಶ್ನೆ. ಇಷ್ಟೆಲ್ಲ ಕಾಯುವ ಬದಲು ಕಂಪನಿಯಿಂದ ನೇರವಾಗಿ ಏಕೆ ಕೊಳ್ಳಬಾರದು? ಅಲ್ಲಿ ಪಾಯಿಂಟ್‌ಗಳು ಬೇಗನೆ ಸಿಗುತ್ತವೆ ಎಂದು ಕೇಳಿದ್ದೇವೆ.

ತುಂಗಾ ತಟ · ಫೆಬ್ರವರಿ 12

ಕೊಳ್ಳಬಹುದು. ಬೇಗ ಸಿಗುವುದೂ ನಿಜ, ಫ್ಲಾರಿಡಾ ಕಾನೂನಿನಂತೆ ನೇರ ಖರೀದಿಗೆ 10 ದಿನಗಳೊಳಗೆ ಮನಸ್ಸು ಬದಲಾಯಿಸುವ ಅವಕಾಶವೂ ಇದೆ. ಆದರೆ ಬೆಲೆ ಬಹಳ ಹೆಚ್ಚು. ಇತ್ತ ಮರುಮಾರಾಟದಲ್ಲಿ ಕಾಯುವುದೊಂದೇ ಅನನುಕೂಲವೆಂದು ತಿಳಿಯಬೇಡಿ. 2019ರ ಜನವರಿ 19ರಿಂದೀಚೆಗೆ ಮರುಮಾರಾಟದಲ್ಲಿ ಕೊಂಡ ಹಳೆಯ ರೆಸಾರ್ಟುಗಳ ಪಾಯಿಂಟ್‌ಗಳಿಂದ ಡಿಸ್ನಿಯ ರಿವಿಯೆರಾ ರೆಸಾರ್ಟ್ ಮತ್ತು ಅದರ ನಂತರ ಬಂದ ಡಿಸ್ನಿಲ್ಯಾಂಡ್ ಹೋಟೆಲಿನ ವಿಲ್ಲಾಗಳು, ಫೋರ್ಟ್ ವಿಲ್ಡರ್ನೆಸ್ ಕ್ಯಾಬಿನ್‌ಗಳು ಸಿಗುವುದಿಲ್ಲ. ರಿವಿಯೆರಾವನ್ನೇ ಮರುಮಾರಾಟದಲ್ಲಿ ಕೊಂಡರೆ ರಿವಿಯೆರಾ ಬಿಟ್ಟು ಬೇರೆಲ್ಲೂ ಬಳಸಲಾಗದು. ಒಪ್ಪಂದ ಮುಗಿಯುವ ವರ್ಷವನ್ನೂ ನೋಡಿ: ಬೋರ್ಡ್‌ವಾಕ್, ಬೀಚ್ ಕ್ಲಬ್ 2042ಕ್ಕೆ ಮುಗಿಯುತ್ತವೆ, ಸರಟೋಗಾ 2054ಕ್ಕೆ. ನಿಮಗೆ ಒಂದೇ ರೆಸಾರ್ಟ್ ಇಷ್ಟವಾಗಿದ್ದು, ಅವಸರವಿಲ್ಲದಿದ್ದರೆ ಮಾತ್ರ ಮರುಮಾರಾಟ ಸರಿ ಎಂಬುದು ನನ್ನ ಅಭಿಪ್ರಾಯ.

ಹೇಮಾವತಿ ತೀರ · ಫೆಬ್ರವರಿ 13

ಬ್ರೋಕರ್ ಮೂಲಕ ಮಾಲೀಕರ ಖಾತೆಯ ಚಿತ್ರ ತರಿಸಿದೆ. ಅವರು ಜನವರಿ 29ರಂದು 112 ಪಾಯಿಂಟ್ ಬ್ಯಾಂಕ್ ಮಾಡಿದ್ದಾರೆ. ಉಳಿದ 48 ಹಾಗೆಯೇ ಹಳೆಯ ವರ್ಷದಲ್ಲಿ ಉಳಿದುಹೋಗಿವೆ. ಒಂದು ಹಳೆಯ ಕಾಯ್ದಿರಿಸುವಿಕೆಯನ್ನು ಅವರು ರದ್ದು ಮಾಡಿದ್ದು ಫೆಬ್ರವರಿಯಲ್ಲಂತೆ, ಆ ಪಾಯಿಂಟ್‌ಗಳು ಗಡುವು ಕಳೆದ ಮೇಲೆ ಹಿಂದಿರುಗಿವೆ. ಅವರು ಬೇಕೆಂದು ಮಾಡಿದ್ದಲ್ಲ, ಪಾಪ, ತುಂಬ ನೊಂದುಕೊಂಡರು.

ಈಗ ಬೆಲೆ ತಗ್ಗಿಸಿ ಒಪ್ಪಂದ ತಿದ್ದಬೇಕೆಂದರೆ ತಿದ್ದಿದ ಕಾಗದ ಮತ್ತೆ ಕಂಪನಿಗೆ ಹೋಗಬೇಕಾಗಬಹುದು, ಮತ್ತೆ ಮೊದಲಿನಿಂದ 30 ದಿನ ಎಣಿಸಬೇಕಾಗಬಹುದು ಎಂದು ಬ್ರೋಕರ್ ಎಚ್ಚರಿಸಿದರು. ನಾನೂ ನನ್ನ ಹೆಂಡತಿಯೂ ರಾತ್ರಿ ಕೂತು ಯೋಚಿಸಿ, 48ನ್ನು ಬಿಟ್ಟುಬಿಡುವುದೆಂದು ತೀರ್ಮಾನಿಸಿದೆವು. 112 ಮತ್ತು 160 ಸೇರಿ 272 ಪಾಯಿಂಟ್ ಡಿಸೆಂಬರ್‌ಗೆ ಸಾಕು. ಅಪ್ಪನಿಗೆ 74 ವರ್ಷ. ನಮಗೆ ಈಗ ಪಾಯಿಂಟ್‌ಗಿಂತ ದಿನಗಳೇ ಮುಖ್ಯ.

ಲೆಕ್ಕದ ಪುಸ್ತಕ · ಫೆಬ್ರವರಿ 14

ನಾನು ವೃತ್ತಿಯಲ್ಲಿ ತೆರಿಗೆ ಲೆಕ್ಕ ನೋಡುವವನು. ಮುಂದಿನ ಹಂತಕ್ಕೆ ಎರಡು ಎಚ್ಚರಿಕೆಗಳನ್ನು ಹೇಳಬೇಕೆನಿಸಿತು.

ಹಣ ಕಳಿಸುವ ದಿನ ಬಹಳ ಜಾಗರೂಕರಾಗಿರಿ. ಟೈಟಲ್ ಕಂಪನಿಯವರ ಇಮೇಲಿನಂತೆಯೇ ಕಾಣುವ ಪತ್ರ ಕಳಿಸಿ, ಬ್ಯಾಂಕ್ ಖಾತೆ ಬದಲಾಗಿದೆ ಎಂದು ಬೇರೆ ಸಂಖ್ಯೆ ಕೊಟ್ಟು ಹಣ ದೋಚುವುದು ಅಮೆರಿಕದ ಎಲ್ಲ ಬಗೆಯ ಆಸ್ತಿ ವ್ಯವಹಾರಗಳಲ್ಲಿ ನಡೆಯುತ್ತಿರುವ ಮೋಸ. ವೈರ್ ಮೂಲಕ ಹೋದ ಹಣ ಹಿಂದಕ್ಕೆ ಬರುವುದು ಬಹಳ ಕಷ್ಟ. ಇಮೇಲಿನಲ್ಲಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಬೇಡಿ. ಮೊದಲ ದಿನ ನಿಮ್ಮಲ್ಲಿ ಬರೆದಿಟ್ಟುಕೊಂಡ ಸಂಖ್ಯೆಗೇ ಕರೆ ಮಾಡಿ, ಖಾತೆಯ ಅಂಕೆಗಳನ್ನು ಒಂದೊಂದಾಗಿ ಅವರಿಂದಲೇ ಓದಿಸಿಕೊಳ್ಳಿ.

ಎರಡನೆಯದು, ಮಾರುವವರು ಅಮೆರಿಕದ ತೆರಿಗೆ ನಿವಾಸಿಗಳೇ ಎಂದು ಕೇಳಿ ತಿಳಿದುಕೊಳ್ಳಿ. ಮಾರುವವರು ವಿದೇಶಿಯರಾಗಿದ್ದರೆ ‘ಫರ್ಪ್ಟಾ’ ಕಾನೂನಿನಂತೆ ಮಾರಾಟದ ಬೆಲೆಯ ಶೇಕಡಾ 15ನ್ನು ಹಿಡಿದಿಟ್ಟು, 20 ದಿನಗಳೊಳಗೆ ತೆರಿಗೆ ಇಲಾಖೆಗೆ ಕಟ್ಟಬೇಕಾದ ಹೊಣೆ ಕೊಳ್ಳುವವರದು. ಟೈಟಲ್ ಕಂಪನಿಯವರು ಮಾಡಿಕೊಡುತ್ತಾರೆ, ಆದರೆ ತಪ್ಪಿದರೆ ಇಲಾಖೆ ಕೇಳುವುದು ನಿಮ್ಮನ್ನು. ಎಚ್-1ಬಿ ಮೇಲೆ ಇಲ್ಲಿದ್ದು ಶಾಶ್ವತವಾಗಿ ಊರಿಗೆ ಮರಳಿರುವ ನಮ್ಮವರೇ ಎಷ್ಟೋ ಮಂದಿ ಈಗ ಆ ಲೆಕ್ಕದಲ್ಲಿ ವಿದೇಶಿಯರು. ಕಾಗದಗಳಲ್ಲಿ ಕಾಣುವ ಸಣ್ಣ ಮೊತ್ತ ಫ್ಲಾರಿಡಾದ ಮುದ್ರಾಂಕ ತೆರಿಗೆ: ನೂರು ಡಾಲರ್‌ಗೆ 70 ಸೆಂಟ್, ನಿಮ್ಮ ಬೆಲೆಗೆ 109 ಡಾಲರ್ 90 ಸೆಂಟ್. ಅದನ್ನು ಯಾರು ಕೊಡಬೇಕೆಂಬುದು ಒಪ್ಪಂದದಲ್ಲಿರುತ್ತದೆ.

ಕೆಆರ್‌ಎಸ್ ರಸ್ತೆ · ಫೆಬ್ರವರಿ 15

ನಾನು ಮೈಸೂರಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಕೊಳ್ಳುವವರ ಕಡೆಯಿಂದ ಮಾತನಾಡಿದ್ದೀರಿ, ನಾನು ಮಾರಿದವನು. ಟ್ಯಾಂಪಾದಲ್ಲಿ ಹದಿನಾರು ವರ್ಷ ಕೆಲಸ ಮಾಡಿ ನಿವೃತ್ತನಾಗಿ ಊರಿಗೆ ಬಂದ ಮೇಲೆ, 2023ರಲ್ಲಿ, ನಮ್ಮ ಪಾಯಿಂಟ್‌ಗಳನ್ನು 12,000 ಡಾಲರ್‌ಗೆ ಮಾರಿದೆ. ಮೇಲೆ ಹೇಳಿದ ಶೇಕಡಾ 15ರ ಲೆಕ್ಕದಲ್ಲಿ 1,800 ಡಾಲರ್ ಹಿಡಿದರು. ಮರುವರ್ಷ ರಿಟರ್ನ್ ಸಲ್ಲಿಸಿದ ಮೇಲೆ ಅದು ಬಂತು.

ನಾನು ಹೇಳಬೇಕೆಂದಿರುವುದು ಕ್ರಯಪತ್ರದ ಸಹಿಯ ವಿಷಯ. ಫ್ಲಾರಿಡಾದ ಕ್ರಯಪತ್ರಕ್ಕೆ ನೋಟರಿಯ ಜೊತೆಗೆ ಇಬ್ಬರು ಸಾಕ್ಷಿಗಳು ಬೇಕು. ವೀಡಿಯೊ ಮೂಲಕ ನೋಟರಿ ಮಾಡಿಸುವುದಕ್ಕೆ ಫ್ಲಾರಿಡಾದಲ್ಲಿ 2020ರಿಂದ ಅವಕಾಶವಿದೆ, ನಾವೂ ಪ್ರಯತ್ನಿಸಿದೆವು. ಗುರುತು ಖಚಿತಪಡಿಸಲು ನಮ್ಮ ಹಳೆಯ ಸಾಲ, ಹಳೆಯ ವಿಳಾಸಗಳ ಬಗ್ಗೆ ಪ್ರಶ್ನೆಗಳನ್ನು ಕೇಳುತ್ತಾರೆ, ನಿಗದಿತ ಸಮಯದಲ್ಲಿ ಉತ್ತರಿಸಬೇಕು. ನಾನು ಉತ್ತರಿಸಿದೆ, ನನ್ನ ಪತ್ನಿಗೆ ಆಗಲಿಲ್ಲ. ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇತ್ತು. ಹಾಗಾಗಿ ಚೆನ್ನೈನಲ್ಲಿರುವ ಅಮೆರಿಕದ ಕಾನ್ಸುಲೇಟ್‌ಗೆ ಹೋಗುವುದೊಂದೇ ದಾರಿ ಎಂದು ಟೈಟಲ್ ಕಚೇರಿಯವರು ಹೇಳಿದರು. ಸಮಯ ಸಿಕ್ಕಿದ್ದು ಮೂರು ವಾರದ ನಂತರ. ಸಾಕ್ಷಿಗಳನ್ನು ಅವರು ಒದಗಿಸುವುದಿಲ್ಲ. ನನ್ನ ಭಾವಮೈದುನನನ್ನೂ ಪಕ್ಕದ ಮನೆಯವರನ್ನೂ ಕರೆದುಕೊಂಡು ನಾಲ್ಕು ಜನ ವಂದೇ ಭಾರತ್ ರೈಲಿನಲ್ಲಿ ಹೋದೆವು. ಪ್ರತಿ ಮುದ್ರೆಗೆ 50 ಡಾಲರ್.

ಅಲ್ಲಿ ಕಿಟಕಿಯ ಮುಂದೆ ಇನ್ನೊಂದು ತೊಡಕು ಕಾದಿತ್ತು. ಪತ್ನಿಯ ಪಾಸ್‌ಪೋರ್ಟಿನಲ್ಲಿ ಅವರ ಹೆಸರಿನ ಮುಂದೆ ನನ್ನ ಹೆಸರಿದೆ, ಕ್ರಯಪತ್ರದಲ್ಲಿ ನನ್ನ ತಂದೆಯ ಹೆಸರು ಇತ್ತು, ಏಕೆಂದರೆ ಅಮೆರಿಕದಲ್ಲಿ ಅದೇ ನಮ್ಮ ಮನೆತನದ ಹೆಸರಾಗಿಬಿಟ್ಟಿತ್ತು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ನಿಲ್ಲುತ್ತವೆ. ಅಲ್ಲಿಯ ಅರ್ಜಿಗಳು ಅವುಗಳನ್ನು ಎಳೆದು ಬಿಡಿಸಿ, ಎಲ್ಲೆಲ್ಲೋ ಕೂರಿಸುತ್ತವೆ. ಆ ಅಧಿಕಾರಿ ಸೌಜನ್ಯದಿಂದಲೇ, ಎರಡೂ ಹೆಸರು ಒಬ್ಬರದೇ ಎಂಬುದಕ್ಕೆ ದಾಖಲೆ ಬೇಕು ಎಂದರು. ಪತ್ನಿ ಕೈಚೀಲದ ತಳದಿಂದ ಅವಧಿ ಮುಗಿದ ಫ್ಲಾರಿಡಾ ಡ್ರೈವಿಂಗ್ ಲೈಸೆನ್ಸ್ ತೆಗೆದು ಕಿಟಕಿಯ ಕೆಳಗಿನಿಂದ ಜಾರಿಸಿದರು. ಊರಿಗೆ ಬಂದ ಮೇಲೂ ಅದನ್ನು ಏಕೆ ಇಟ್ಟುಕೊಂಡಿದ್ದೀಯೆ ಎಂದು ನಾನೇ ಎಷ್ಟೋ ಸಲ ಕೇಳಿದ್ದೆ. ಅದನ್ನು ನೋಡಿ ಒಪ್ಪಿದರು.

ಆ ಐದು ವಾರಗಳ ಕಾಲ ಅತ್ತ ಕೊಳ್ಳುವವರಿಗೆ ಬ್ರೋಕರ್ ಹೇಳಿದ್ದು ‘ಮಾಲೀಕರ ಸಹಿಗಾಗಿ ಕಾಯುತ್ತಿದ್ದೇವೆ’ ಎಂಬುದಿಷ್ಟೇ. ನಾವು ಅಸಡ್ಡೆ ಮಾಡುತ್ತಿದ್ದೇವೆಂದು ಅವರು ನೊಂದುಕೊಂಡಿದ್ದರಂತೆ. ನಾನೇ ಎರಡು ಸಾಲು ಬರೆದು ಬ್ರೋಕರ್ ಮೂಲಕ ಕಳಿಸಿದ್ದರೆ ಅವರಿಗೂ ಸಮಾಧಾನವಾಗುತ್ತಿತ್ತು, ಅದನ್ನು ಮಾಡಲಿಲ್ಲವಲ್ಲ ಎಂಬ ಕೊರಗು ನನಗೆ ಈಗಲೂ ಇದೆ.

ತುಂಗಾ ತಟ · ಫೆಬ್ರವರಿ 15

ಸರ್, ನಿಮ್ಮ ಬರಹ ಓದಿ ನನ್ನ ಮೂರನೆಯ ಖರೀದಿಯ 118 ದಿನಗಳು ನೆನಪಾದವು. ಅಲ್ಲಿ ಮಾಲೀಕರಲ್ಲೊಬ್ಬರು ತೀರಿಕೊಂಡಿದ್ದರು. ಗಂಡಹೆಂಡಿರು ಬದುಕುಳಿದವರಿಗೆ ಹಕ್ಕು ಸೇರುವಂತೆ ಕ್ರಯಪತ್ರ ಬರೆಯಿಸಿದ್ದರೆ ಮರಣಪತ್ರವೊಂದು ಸಾಕಾಗುತ್ತದೆ. ಇಲ್ಲಿ ಅಣ್ಣತಮ್ಮಂದಿರು ಪಾಲುದಾರರಾಗಿದ್ದರು, ತೀರಿಕೊಂಡವರು ಓಹಾಯೊದಲ್ಲಿದ್ದರು, ಫ್ಲಾರಿಡಾದ ನ್ಯಾಯಾಲಯದಲ್ಲಿ ಪ್ರತ್ಯೇಕವಾಗಿ ಪ್ರೊಬೇಟ್, ಅಂದರೆ ತೀರಿಕೊಂಡವರ ಆಸ್ತಿಯ ಇತ್ಯರ್ಥ, ಆಗಬೇಕಾಯಿತು. ಆಗ ನಾನೂ ಬ್ರೋಕರ್ ಮೇಲೆ ಸಿಟ್ಟಾಗಿದ್ದೆ. ಯಾರ ಮೇಜಿನ ಮೇಲೆ ಕಾಗದ ಕೂತಿದೆ ಎಂದು ವಾರಕ್ಕೊಮ್ಮೆ ವಿಚಾರಿಸುವುದು ಕೊಳ್ಳುವವರ ಹಕ್ಕು, ಕೇಳಿದರೆ ಹೇಳುತ್ತಾರೆ.

ಹೇಮಾವತಿ ತೀರದವರೇ, ನಿಮ್ಮ ಮತ್ತು ನಿಮ್ಮ ಹೆಂಡತಿಯ ಹೆಸರುಗಳು ಒಪ್ಪಂದದಲ್ಲಿ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇವೆಯೇ ಎಂದು ಅಕ್ಷರ ಅಕ್ಷರ ನೋಡಿ. ಮುಂದೆ ಇನ್ನೊಂದು ಒಪ್ಪಂದ ಕೊಂಡಾಗ ಅದೇ ಹೆಸರು, ಅದೇ ಯೂಸ್ ಇಯರ್ ಇದ್ದರೆ ಒಂದೇ ಸದಸ್ಯತ್ವದಡಿ ಸೇರುತ್ತದೆ, ಹೆಸರು ಬೇರೆಯಾದರೆ ಎರಡು ಖಾತೆ ನಡೆಸಬೇಕಾಗುತ್ತದೆ.

ಹೇಮಾವತಿ ತೀರ · ಫೆಬ್ರವರಿ 20

ನಿನ್ನೆ, 28ನೆಯ ದಿನ, ಕಂಪನಿ ತನ್ನ ಹಕ್ಕನ್ನು ಬಿಟ್ಟುಕೊಟ್ಟ ಪತ್ರ ಬಂತು! ಕಚೇರಿಯಲ್ಲಿ ಸಭೆಯ ನಡುವೆ ಇದ್ದೆ, ಹೊರಗೆ ಬಂದು ಹೆಂಡತಿಗೆ ಕರೆ ಮಾಡಿದೆ. ಹೆಸರನ್ನೂ ನೋಡಿದೆವು. ನನ್ನ ಹೆಸರಿನಲ್ಲಿ ಒಂದು ‘ಎಚ್’ ಬಿಟ್ಟುಹೋಗಿತ್ತು. ಕ್ಲೋಸಿಂಗ್ ಕಾಗದ ಸಿದ್ಧವಾಗುವ ಮೊದಲೇ ತಿಳಿಸಿದ್ದರಿಂದ ಟೈಟಲ್ ಕಚೇರಿಯವರು ಸರಿಪಡಿಸುವುದಾಗಿ ಹೇಳಿದ್ದಾರೆ.

ಹೇಮಾವತಿ ತೀರ · ಮಾರ್ಚ್ 21

ಎಸ್ಟಾಪೆಲ್ ಮಾರ್ಚ್ 3ಕ್ಕೆ ಬಂತು, ಕಾಗದಗಳು 10ಕ್ಕೆ ಬಂದವು, 12ಕ್ಕೆ ಹಣ ಕಳಿಸಿದೆ. ಖಾತೆಯ ಸಂಖ್ಯೆಯನ್ನು ದೂರವಾಣಿಯಲ್ಲಿ ಎರಡು ಸಲ ಓದಿಸಿಕೊಂಡೆ. ಅಂದಿನಿಂದ ಒಂಬತ್ತು ದಿನ, ‘ಮಾಲೀಕರ ಸಹಿಗಾಗಿ ಕಾಯುತ್ತಿದ್ದೇವೆ’ ಎಂಬ ಅದೇ ಉತ್ತರ. ಕೆಆರ್‌ಎಸ್ ರಸ್ತೆಯ ಸರ್ ಬರೆದದ್ದು ನೆನಪಿಗೆ ಬಂದು, ಒರಟಾಗಿ ಬರೆದಿಟ್ಟಿದ್ದ ಇಮೇಲನ್ನು ಅಳಿಸಿದೆ. ಅದರ ಬದಲು ಮಾಲೀಕರಿಗೇನಾದರೂ ತೊಂದರೆಯಾಗಿದೆಯೇ ಎಂದು ಬ್ರೋಕರ್ ಮೂಲಕ ಕೇಳಿದೆ. ಮಾಲೀಕರ ಪತ್ನಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದೆ, ನೋಟರಿ ಸೋಮವಾರ ಅವರ ಮನೆಗೇ ಬರುತ್ತಾರೆ ಎಂದು ಒಂದು ಗಂಟೆಯಲ್ಲಿ ಉತ್ತರ ಬಂತು.

ಕೆಆರ್‌ಎಸ್ ರಸ್ತೆ · ಮಾರ್ಚ್ 22

ನೀವು ಕೇಳಿದ್ದು ತುಂಬ ಒಳ್ಳೆಯದಾಯಿತು. ಸೋಮವಾರ ಸಹಿಯಾದರೆ ಆ ವಾರದಲ್ಲಿಯೇ ದಾಖಲಾಗಬಹುದು.

ಹೇಮಾವತಿ ತೀರ · ಏಪ್ರಿಲ್ 17

ಕ್ರಯಪತ್ರ ಮಾರ್ಚ್ 27ರಂದು ಫ್ಲಾರಿಡಾದ ಆರೆಂಜ್ ಕೌಂಟಿಯಲ್ಲಿ ದಾಖಲಾಯಿತು. ಜಾಲತಾಣದಲ್ಲಿ ನಮ್ಮ ಹೆಸರು ಹಾಕಿದಾಗ ಪತ್ರದ ಪ್ರತಿಯೇ ತೆರೆದುಕೊಂಡಿತು. ಒಂದು ಯುನಿಟ್‌ನಲ್ಲಿ ಶೇಕಡಾ ಒಂದಕ್ಕೂ ಕಡಿಮೆಯ ಅವಿಭಕ್ತ ಪಾಲು, ದಶಮಾಂಶ ಬಿಂದುವಿನ ನಂತರ ನಾಲ್ಕು ಅಂಕೆ. ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದೆ. ‘ಅವಿಭಕ್ತ’ ಎಂಬ ಮಾತು ಕೇಳಿ ಅವರು, ಚಕ್ಕುಬಂದಿ ಏನು ಬರೆದಿದ್ದಾರೆ ಓದು ಎಂದರು. ಚಕ್ಕುಬಂದಿ ಇಲ್ಲ ಅಪ್ಪ ಎಂದೆ.

ಸದಸ್ಯ ಸಂಖ್ಯೆ ಮತ್ತು ಪಾಯಿಂಟ್‌ಗಳು ಮೊನ್ನೆ, ಏಪ್ರಿಲ್ 15ರಂದು ಬಂದವು. ಸಹಿ ಹಾಕಿದ ದಿನದಿಂದ 85 ದಿನಗಳಾದವು. ಡಿಸೆಂಬರ್ 20ಕ್ಕೆ ಒಂದು ಬೆಡ್‌ರೂಮಿನ ವಿಲ್ಲಾ ಖಾಲಿಯಿರಲಿಲ್ಲ, ಸಣ್ಣ ಸ್ಟುಡಿಯೋ ಮಾತ್ರ ಇತ್ತು. ಅದರಲ್ಲಿ ಮೈಕ್ರೋವೇವ್ ಬಿಟ್ಟರೆ ಒಲೆ ಇಲ್ಲ. ಪ್ರಯಾಣವನ್ನು ಒಂದು ವಾರ ಹಿಂದಕ್ಕೆ ತಂದು ಡಿಸೆಂಬರ್ 13ರಿಂದ ಐದು ರಾತ್ರಿಗೆ ಅಡುಗೆಮನೆಯಿರುವ ವಿಲ್ಲಾ ಕಾಯ್ದಿರಿಸಿದೆವು. ಮಕ್ಕಳಿಗೆ ಶಾಲೆ ನಾಲ್ಕು ದಿನ ತಪ್ಪುತ್ತದೆ, ಟೀಚರಿಗೆ ಈಗಲೇ ಪತ್ರ ಬರೆದಿದ್ದೇನೆ. ಅಮ್ಮ ಸಾರಿನ ಪುಡಿ ಎಷ್ಟು ತರಬೇಕು ಎಂದು ಕೇಳಿದರು, ಅರ್ಧ ಕೆ.ಜಿ. ಸಾಕು ಎಂದಿದ್ದೇನೆ.